‘ಏ’ಕಾರವೂ ‘ಓನ್ಲಿ’ಯೂ

ಇಂಗ್ಲಿಷ್ ಭಾಷೆಯಲ್ಲಿ ‘ಓನ್ಲಿ’ ಎಂಬುದು ನಾಲ್ಕೇ ಅಕ್ಷರಗಳ ಪದ. ‘ಒಂದು’ ಎಂಬರ್ಥದ ‘ಒನ್’ ಎಂಬುದೇ ಅದರ ಮೂಲ. ಒಂದನ್ನು ಉಳಿಸಿಕೊಂಡು ಮಿಕ್ಕವುಗಳನ್ನು ಹೊರಗಿಡುವುದು ಅದರ ಮುಖ್ಯ ಕೆಲಸ. ಕನ್ನಡದಲ್ಲಿ ಈ ಕೆಲಸವನ್ನು ‘ಮಾತ್ರ’ ಎಂಬ ಪದವೂ ‘ಏ’ ಎಂಬ ಅವಧಾರಣಾರ್ಥಕ ಅವ್ಯಯವೂ ಮಾಡುತ್ತವೆ.

ಪದವು ಚಿಕ್ಕದಾದರೂ ಅದರ ಹೊಣೆ ಚಿಕ್ಕದಲ್ಲ. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರಗಳಲ್ಲಿ ಬರೆದ ಬಳಿಕ ‘ಓನ್ಲಿ’ ಎಂದೋ ‘ಮಾತ್ರ’ ಎಂದೋ ಸೇರಿಸುವುದು ವಾಡಿಕೆ. ‘ಐನೂರು ರೂಪಾಯಿ ಮಾತ್ರ’ ಎಂದು ಮುಗಿಸಿದ ಮೇಲೆ ಮುಂದೆ ಇನ್ನೇನನ್ನಾದರೂ ಸೇರಿಸಲು ವಂಚಕನಿಗೆ ಸುಲಭವಾಗಿ ಎಡೆ ದೊರೆಯದು.

ಈ ಪದವು ನಿಂತ ಸ್ಥಳ ಬದಲಾದರೆ ಅರ್ಥವೂ ಬದಲಾಗಬಹುದು. ಕನ್ನಡದಲ್ಲಿ ‘ರಾಮನೇ ಸೀತೆಗೆ ಹೂ ಕೊಟ್ಟನು’, ‘ರಾಮನು ಸೀತೆಗೇ ಹೂ ಕೊಟ್ಟನು’ ಎಂದಾಗ ‘ಏ’ಕಾರವು ತಾನು ಹೇಳಬೇಕಾದ ಪದಕ್ಕೇ ಅಂಟಿಕೊಳ್ಳುವುದರಿಂದ ಸಂದೇಹಕ್ಕೆ ಆಸ್ಪದವಿಲ್ಲ. ಇಂಗ್ಲಿಷಿನ ‘ಓನ್ಲಿ’ ಬಿಡಿಯಾಗಿ ನಿಲ್ಲುವ ಪದ. ಆಡುಮಾತಿನಲ್ಲಿ ಅದು ಹಲವು ಸಲ ಕ್ರಿಯಾಪದದ ಬಳಿಗೆ ಸರಿಯುತ್ತದೆ. ಅರ್ಥ ಕೆಡದಿದ್ದರೆ ಇದನ್ನು ದೋಷವೆಂದು ಎಣಿಸಬೇಕಾಗಿಲ್ಲವೆಂದು ಫೌಲರ್ ಎಂಬ ಆಂಗ್ಲ ವಿದ್ವಾಂಸರು 1926ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದರು.

ಕನ್ನಡಿಗರ ತೊಡಕು ಬೇರೊಂದು ಬಗೆಯದು. ಕನ್ನಡದ ‘ಏ’ಕಾರಕ್ಕೆ ಮಿತಿಗೊಳಿಸುವ ಕೆಲಸದ ಜೊತೆಗೆ ಒತ್ತಿ ಹೇಳುವ ಕೆಲಸವೂ ಉಂಟು. ಈ ಎರಡನೆಯ ಕೆಲಸವನ್ನೂ ಕನ್ನಡಿಗನು ‘ಓನ್ಲಿ’ಗೆ ವಹಿಸುತ್ತಾನೆ. ‘ಇಂದೇ ಬರಬಲ್ಲೆ’ ಎಂಬುದನ್ನು ‘ಐ ಕ್ಯಾನ್ ಕಮ್ ಟುಡೇ ಓನ್ಲಿ’ ಎನ್ನುತ್ತಾನೆ. ಹಿಂದಿಯನ್ನಾಡುವವರೂ ತಮ್ಮ ‘ಹೀ’ ಎಂಬುದರ ಬಲದಿಂದ ಹೀಗೆಯೇ ನುಡಿಯುವುದುಂಟು.

ಇದನ್ನು ಕೇಳಿ ನಗುವವರಿದ್ದಾರೆ. ಆ ನಗೆ ನ್ಯಾಯವಾದುದಲ್ಲ. ಈ ಬಳಕೆ ಬುದ್ಧಿಯ ಕೊರತೆಯಿಂದ ಹುಟ್ಟಿದುದಲ್ಲ. ಅದು ಮಾತೃಭಾಷೆಯ ಅಚ್ಚು. ಮನೆಯವರ ನಡುವೆ, ಗೆಳೆಯರ ನಡುವೆ ಅದರಿಂದ ಯಾವ ಹಾನಿಯೂ ಇಲ್ಲ. ಆದರೆ ಉದ್ಯೋಗವನ್ನು ಬಯಸಿ ದೂರದ ಊರಿಗೆ ಪತ್ರ ಬರೆಯುವ ತರುಣನು ಅದೇ ವಾಕ್ಯವನ್ನು ಬರೆದನೆನ್ನೋಣ. ‘ಇಂದೇ ಬರಬಲ್ಲೆ’ ಎಂಬ ಅವನ ಉತ್ಸಾಹವು ಓದಿದವರಿಗೆ ‘ಇಂದಲ್ಲದೆ ಬೇರೆ ದಿನ ಬರಲಾರೆ’ ಎಂಬ ಹಟವಾಗಿ ಕಂಡೀತು, ಅವಕಾಶವೂ ಕೈತಪ್ಪೀತು.

ಇದಕ್ಕೆ ನಾಚಿಕೆ ಮದ್ದಲ್ಲ, ತಿಳಿವಳಿಕೆಯೇ ಮದ್ದು. ತನ್ನ ನುಡಿಯ ‘ಏ’ಕಾರ ಏನೇನು ಮಾಡುತ್ತದೆಂಬುದನ್ನು ಚೆನ್ನಾಗಿ ಬಲ್ಲವನು ‘ಓನ್ಲಿ’ ಏನನ್ನು ಮಾಡಲಾರದೆಂಬುದನ್ನೂ ಬಲ್ಲನು. ಪರಭಾಷೆಯನ್ನು ಕಲಿಯುವ ದಾರಿ ಸ್ವಭಾಷೆಯ ಅಂಗಳದಿಂದಲೇ ಹೊರಡುತ್ತದೆ.