ಮೂರು ವರ್ಷದ ನಿಯಮ: ಆಟಗಾರನಿಗೆ ರಕ್ಷಣೆಯೋ, ಬಂಧನವೋ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಓಡುತ್ತಲೇ ಹಿಡಿದು ಮುನ್ನುಗ್ಗುವವನೇ ವೈಡ್ ರಿಸೀವರ್. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಜೆರೆಮೈಯಾ ಸ್ಮಿತ್ ಆ ಸ್ಥಾನದಲ್ಲಿ ಆಡಿ, ಮೊದಲ ವರ್ಷವಾದ 2024ರ ಋತುವಿನಲ್ಲೇ 76 ಬಾರಿ ಚೆಂಡು ಹಿಡಿದು 1,315 ಗಜ ಕ್ರಮಿಸಿದರು. 15 ಟಚ್‌ಡೌನ್ ಗಳಿಸಿದರು. 2025ರ ಜನವರಿ 20ರಂದು ನೋಟರ್ ಡೇಮ್ ವಿರುದ್ಧದ ರಾಷ್ಟ್ರೀಯ ಅಂತಿಮ ಪಂದ್ಯದ ಕೊನೆಯ ಘಟ್ಟದಲ್ಲಿ ಅವರು ಹಿಡಿದ 56 ಗಜಗಳ ಎಸೆತ ತಂಡದ 34-23ರ ಗೆಲುವನ್ನು ಭದ್ರಪಡಿಸಿತು. ಆಗ ಅವರಿಗೆ 19 ವರ್ಷ. ಆದರೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಸೇರಲು ಹೈಸ್ಕೂಲ್ ಮುಗಿಸಿ ಮೂರು ವರ್ಷ ಕಳೆದಿರಬೇಕು. ಅದರಂತೆ ಅವರು ಡ್ರಾಫ್ಟ್‌ಗೆ ಅರ್ಹರಾಗುವ ಮೊದಲ ವರ್ಷ 2027.

ಈ ನಿಯಮದ ಇನ್ನೊಂದು ಮುಖವನ್ನು ಕಂಡವರು ಮೈಕ್ ವಿಲಿಯಮ್ಸ್. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪರ 2002 ಮತ್ತು 2003ರಲ್ಲಿ ಅವರು ಹಿಡಿದ ಎಸೆತಗಳು 176, ಗಳಿಸಿದ ಟಚ್‌ಡೌನ್‌ಗಳು 30. ಓಹಾಯೋ ಸ್ಟೇಟ್‌ನ ಮಾರಿಸ್ ಕ್ಲಾರೆಟ್ ಹೂಡಿದ್ದ ಮೊಕದ್ದಮೆಯಲ್ಲಿ, ಮೂರು ವರ್ಷದ ನಿಯಮ ಕಾನೂನುಬಾಹಿರವೆಂದು ಕೆಳ ನ್ಯಾಯಾಲಯವು 2004ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಅದನ್ನು ನಂಬಿದ ವಿಲಿಯಮ್ಸ್ ಏಜೆಂಟನನ್ನು ನೇಮಿಸಿಕೊಂಡು ಡ್ರಾಫ್ಟ್‌ಗೆ ಹೆಸರು ಕೊಟ್ಟರು. ಏಪ್ರಿಲ್‌ನಲ್ಲಿ, ಡ್ರಾಫ್ಟ್‌ಗೆ ಕೆಲವೇ ದಿನಗಳಿದ್ದಾಗ, ಮೇಲ್ಮನವಿ ನ್ಯಾಯಾಲಯ ತೀರ್ಪಿಗೆ ತಡೆ ನೀಡಿತು. ಮೇ ತಿಂಗಳಲ್ಲಿ ರದ್ದುಗೊಳಿಸಿತು. ಲೀಗ್‌ನ ಬಾಗಿಲು ಮುಚ್ಚಿತು. ಕಾಲೇಜಿಗೆ ಮರಳಿ ಆಡುವ ಅವರ ಕೋರಿಕೆಯನ್ನು ಆಗಸ್ಟ್‌ನಲ್ಲಿ ಎನ್‌ಸಿಎಎ ಕೂಡ ತಿರಸ್ಕರಿಸಿತು. ಒಂದು ಇಡೀ ಋತು ಅವರು ಆಟದಿಂದ ಹೊರಗುಳಿದರು.

ಮೇಲ್ಮನವಿ ತೀರ್ಪನ್ನು ಬರೆದವರು ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಸೋನಿಯಾ ಸೊಟೊಮೇಯರ್. ಉದ್ಯೋಗಕ್ಕೆ ಬೇಕಾದ ಅರ್ಹತೆ ಎಂಬುದು ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಸಾಮೂಹಿಕ ಒಪ್ಪಂದದ ವ್ಯಾಪ್ತಿಗೆ ಬರುವ ಸಂಗತಿ. ಆದ್ದರಿಂದ ಏಕಸ್ವಾಮ್ಯ ವಿರೋಧಿ ಕಾನೂನು ಇಲ್ಲಿ ಅನ್ವಯಿಸದು ಎಂಬುದು ಅದರ ತಿರುಳು. ವಿಪರ್ಯಾಸವೆಂದರೆ, ನಿಯಮದ ಭಾರ ಹೊರುವ ವಿದ್ಯಾರ್ಥಿಗಳು ಆ ಸಂಘದ ಸದಸ್ಯರೇ ಅಲ್ಲ. ಅವರ ಪರವಾಗಿ ಚೌಕಾಸಿಗೆ ಕೂರುವವರಿಲ್ಲ.

2005ರಲ್ಲಿ ಡೆಟ್ರಾಯ್ಟ್ ಲಯನ್ಸ್ ತಂಡ ವಿಲಿಯಮ್ಸ್‌ರನ್ನು ಹತ್ತನೆಯವರಾಗಿ ಆಯ್ದುಕೊಂಡಿತು. ಆದರೆ ಕಾಲೇಜಿನ ಪ್ರಭೆ ಅಲ್ಲಿ ಕಾಣಲಿಲ್ಲ. 2008 ಮತ್ತು 2009ರಲ್ಲಿ ಅವರು ಲೀಗ್‌ನಲ್ಲೇ ಇರಲಿಲ್ಲ. 2010ರಲ್ಲಿ ಕಾಲೇಜು ದಿನಗಳ ತರಬೇತುದಾರ ಪೀಟ್ ಕ್ಯಾರಲ್ ಸಿಯಾಟಲ್ ತಂಡದಲ್ಲಿ ಅವಕಾಶ ಕೊಟ್ಟಾಗ 65 ಎಸೆತ ಹಿಡಿದರು. ಕಳೆದುಹೋದ ಆ ಒಂದು ವರ್ಷವೇ ಇದಕ್ಕೆಲ್ಲ ಕಾರಣವೆನ್ನಲಾಗದು. ಆದರೆ ಬೆಳೆಯುವ ವಯಸ್ಸಿನ ಆಟಗಾರನಿಗೆ ಅದು ಸಣ್ಣ ನಷ್ಟವೂ ಅಲ್ಲ.

ಎಳೆಯ ದೇಹಗಳು ವೃತ್ತಿಪರರ ಪೆಟ್ಟು ತಾಳಲಾರವೆಂಬ ಲೀಗ್‌ನ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಕಾಲೇಜು ಪಂದ್ಯಗಳಲ್ಲೂ ಮಂಡಿ ಮುರಿಯುತ್ತದೆ. ಹಾಗಿದ್ದೂ ಕಾಯುವ ಅವಧಿಯಲ್ಲಿ ಲಾಭ ಸಂಸ್ಥೆಗಳಿಗೆ, ಅಪಾಯ ಆಟಗಾರನಿಗೆ ಎಂಬಂತಿತ್ತು ಹಳೆಯ ವ್ಯವಸ್ಥೆ. 2021ರ ಜುಲೈನಿಂದ ವಿದ್ಯಾರ್ಥಿಗಳು ತಮ್ಮ ಹೆಸರು ಮತ್ತು ಚಿತ್ರದಿಂದ ಗಳಿಸಬಹುದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ, ಮೊದಲ ವರ್ಷ ಪ್ರತಿ ವಿಶ್ವವಿದ್ಯಾಲಯವೂ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು.

ಹೀಗಾಗಿ ಸ್ಮಿತ್‌ರ ಪಾಲಿಗೆ ಕಾಯುವುದೆಂದರೆ ಬರಿಗೈಯಲ್ಲಿ ಕಾಯುವುದಲ್ಲ. ಹಣದ ಅನ್ಯಾಯ ತಗ್ಗಿದೆ. ತನ್ನ ವೃತ್ತಿ ಯಾವಾಗ ಆರಂಭವಾಗಬೇಕೆಂದು ನಿರ್ಧರಿಸುವ ಮಾತುಕತೆಯಲ್ಲಿ ಆಟಗಾರನಿಗೆ ದನಿಯಿಲ್ಲವೆಂಬ ವಿಲಿಯಮ್ಸ್ ಕಾಲದ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ದೊರೆತಿಲ್ಲ.