ಬಿಟ್ಟಿ ಕೋಣೆಯ ಬಾಡಿಗೆ

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆಯನ್ನು ಕಟ್ಟಿದವರು ಮನುಷ್ಯನ ಆಸೆಯನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಆ ಆಸೆಯ ಮೇಲೆಯೇ ಇಂದು ಒಂದು ದೊಡ್ಡ ಉದ್ಯಮ ನಿಂತಿದೆ. ಅಮೆರಿಕದ ಲಾಸ್ ವೇಗಸ್‌ಗೆ ಹೋಗಿ ಬಂದ ನಮ್ಮ ಸಾಫ್ಟ್‌ವೇರ್ ಹುಡುಗರಾಗಲಿ, ವಾರಾಂತ್ಯ ಬಂತೆಂದರೆ ಪಣಜಿಯ ಕಡೆಗೆ ಕಾರು ತಿರುಗಿಸುವ ಬೆಳಗಾವಿ, ಹುಬ್ಬಳ್ಳಿಯ ವ್ಯಾಪಾರಿಗಳಾಗಲಿ, ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಜೂಜಾಡಲು ಹೋದದ್ದಲ್ಲ. ರೂಮು ಫ್ರೀ ಸಿಕ್ಕಿತ್ತು, ಊಟವೂ ಅವರದೇ. ಹೋದ ತಪ್ಪಿಗೆ ಸ್ವಲ್ಪ ಆಡಿದೆವು, ಅಷ್ಟೆ." ಜೂಜು ಎಂಬ ಶಬ್ದಕ್ಕಿದ್ದ ಕಳಂಕವನ್ನು ಗೇಮಿಂಗ್ ಎಂಬ ಹೊಸ ಹೆಸರು ಅರ್ಧ ತೊಳೆಯಿತು. ಉಳಿದರ್ಧವನ್ನು ಬಿಟ್ಟಿ ಕೋಣೆಯ ಬಿಳಿ ಹಾಸಿಗೆ ಮುಚ್ಚಿತು. ಸ್ವಲ್ಪ ಹಣ ಆಡಿ, ದುಬಾರಿ ಕೋಣೆಯನ್ನು ಗಿಟ್ಟಿಸಿಕೊಂಡರೆ ಒಟ್ಟಿನಲ್ಲಿ ಲಾಭವೇ ಎಂಬುದು ಇವರ ಲೆಕ್ಕ. ಈ ಲೆಕ್ಕವನ್ನು ನಾವು ಮೊದಲು ಲೆಕ್ಕವಾಗಿಯೇ ಪರಿಶೀಲಿಸೋಣ. ಪಾಪ ಪುಣ್ಯದ ಮಾತು ಆಮೇಲೆ ಬರಲಿ.

ಕ್ಯಾಸಿನೊ ಭಾಷೆಯಲ್ಲಿ ಈ ಉಚಿತ ಸತ್ಕಾರಕ್ಕೆ 'ಕಾಂಪ್' ಎಂದು ಹೆಸರು. ಕಾಂಪ್ಲಿಮೆಂಟರಿ ಎಂಬ ಪದದ ಮೊಟಕು ರೂಪ ಅದು. ಯಾರಿಗೆ ಕಾಂಪ್ ಕೊಡಬೇಕು, ಎಷ್ಟು ಕೊಡಬೇಕು ಎಂಬುದನ್ನು ಯಾರೋ ಒಬ್ಬ ಉದಾರಿ ಮಾಲೀಕ ಮನಸ್ಸಿಗೆ ಬಂದಂತೆ ತೀರ್ಮಾನಿಸುವುದಿಲ್ಲ. ಅದಕ್ಕೊಂದು ಸೂತ್ರವಿದೆ. ನೀವು ಪ್ರತಿ ಸಲ ಸರಾಸರಿ ಎಷ್ಟು ಹಣ ಕಟ್ಟುತ್ತೀರಿ, ಗಂಟೆಗೆ ಎಷ್ಟು ಆಟ ನಡೆಯುತ್ತದೆ, ಎಷ್ಟು ಗಂಟೆ ಕೂತಿರುತ್ತೀರಿ, ಆ ಆಟದಲ್ಲಿ ಮನೆಯ ಪಾಲು ಶೇಕಡಾ ಎಷ್ಟು ಎಂಬ ನಾಲ್ಕನ್ನೂ ಗುಣಿಸಿದರೆ ನೀವು 'ಕಳೆದುಕೊಳ್ಳಬೇಕಾದ' ಮೊತ್ತ ಸಿಗುತ್ತದೆ. ಆ ರಾತ್ರಿ ನೀವು ಗೆದ್ದಿರೋ ಸೋತಿರೋ ಎಂಬುದು ಅವರಿಗೆ ಅಷ್ಟು ಮುಖ್ಯವಲ್ಲ. ಇವತ್ತು ಗೆದ್ದವನು ನಾಳೆ ಬಂದು ಕೊಡುತ್ತಾನೆ ಎಂಬುದು ಗಣಿತ ಬಲ್ಲವನ ಧೈರ್ಯ. ಹಾಗೆ ಲೆಕ್ಕ ಹಾಕಿದ ನಷ್ಟದ ಒಂದು ಪಾಲನ್ನಷ್ಟೇ ಕೋಣೆಯಾಗಿ, ಊಟವಾಗಿ, ಪ್ರದರ್ಶನದ ಟಿಕೆಟ್ಟಾಗಿ ನಿಮಗೆ ಹಿಂದಿರುಗಿಸಲಾಗುತ್ತದೆ.

ಒಂದು ಉದಾಹರಣೆ ನೋಡೋಣ. ಅಮೆರಿಕದ ರೂಲೆಟ್ ಚಕ್ರದಲ್ಲಿ 1ರಿಂದ 36ರವರೆಗಿನ ಅಂಕಿಗಳು, ಒಂದು ಸೊನ್ನೆ, ಒಂದು ಜೋಡಿ ಸೊನ್ನೆ, ಒಟ್ಟು 38 ಮನೆಗಳಿರುತ್ತವೆ. ಒಂದು ಅಂಕಿಯ ಮೇಲೆ ಕಟ್ಟಿ ಗೆದ್ದವನಿಗೆ ಸಿಗುವುದು 35 ಪಟ್ಟು. ಈ ವ್ಯತ್ಯಾಸದಿಂದ ಕಟ್ಟಿದ ಪ್ರತಿ 100 ಡಾಲರಿನಲ್ಲಿ ಸರಾಸರಿ 5 ಡಾಲರ್ 26 ಸೆಂಟ್ ಕ್ಯಾಸಿನೊ ಪಾಲಾಗುತ್ತದೆ. ಒಬ್ಬಾತ ಸಲಕ್ಕೆ 25 ಡಾಲರಿನಂತೆ, ಗಂಟೆಗೆ 40 ಸಲ, ನಾಲ್ಕು ಗಂಟೆ ಆಡಿದನೆನ್ನಿ. ಚಕ್ರದ ಮೇಲೆ ಓಡಾಡಿದ ಹಣ 4000 ಡಾಲರ್. ಸರಾಸರಿ ನಷ್ಟ 210 ಡಾಲರ್. ಅದರಲ್ಲಿ ಮೂರನೇ ಒಂದು ಪಾಲನ್ನು ಕಾಂಪ್ ಆಗಿ ಕೊಟ್ಟರೆ 70 ಡಾಲರಿನ ಕೋಣೆ. ಅಂದರೆ ನಮ್ಮವನು 210 ಡಾಲರ್ ತೆತ್ತು 70 ಡಾಲರಿನ ಕೋಣೆಯನ್ನು ಬಿಟ್ಟಿಯಾಗಿ ಪಡೆದ! ಸಂತೆಯಲ್ಲಿ ಯಾರಾದರೂ ಹತ್ತು ರೂಪಾಯಿಯ ಸೊಪ್ಪಿಗೆ ಮೂವತ್ತು ರೂಪಾಯಿ ಕೇಳಿದರೆ ಜಗಳಕ್ಕೆ ನಿಲ್ಲುವ ನಾವು ಇಲ್ಲಿ ಮಾತ್ರ ಥ್ಯಾಂಕ್ಯೂ ಹೇಳಿ ಬರುತ್ತೇವೆ.

ಇದಕ್ಕೆ ಬುದ್ಧಿವಂತರ ಉತ್ತರ ಸಿದ್ಧವಾಗಿದೆ. ರೂಲೆಟ್ ದಡ್ಡರ ಆಟ, ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟಿನ ಆಟವನ್ನು ನಿಯಮ ಕಲಿತು ಆಡಿದರೆ ಮನೆಯ ಪಾಲು ಶೇಕಡಾ ಅರ್ಧಕ್ಕೆ ಇಳಿಯುತ್ತದೆ ಎನ್ನುತ್ತಾರೆ. ಈ ಮಾತು ಸುಳ್ಳಲ್ಲ. ನಿಧಾನವಾಗಿ ಆಡಿ, ಮೇಲ್ವಿಚಾರಕ ನೋಡುವಾಗ ದೊಡ್ಡದಾಗಿ ಕಟ್ಟಿ, ಅವನು ತಿರುಗಿದಾಗ ಕೈ ಬಿಗಿಹಿಡಿದು, ಸೋತದ್ದಕ್ಕಿಂತ ಹೆಚ್ಚಿನ ಸತ್ಕಾರ ಗಿಟ್ಟಿಸುವ ವಿದ್ಯೆಯ ಮೇಲೆ ಮ್ಯಾಕ್ಸ್ ರೂಬಿನ್ ಎಂಬವರು 1994ರಲ್ಲಿ 'ಕಾಂಪ್ ಸಿಟಿ' ಎಂಬ ಪುಸ್ತಕವನ್ನೇ ಬರೆದರು. ಅದನ್ನು ಸಾಧಿಸಿದವರು ಇರಬಹುದು. ಆದರೆ ಸರಾಸರಿ ಎಂಬ ಮಾತು ಒಂದು ರಾತ್ರಿಯ ಮಾತಲ್ಲ. ಸಲಕ್ಕೆ 25 ಡಾಲರಿನಂತೆ 280 ಸಲ ಆಡಿದರೆ ಸರಾಸರಿ ನಷ್ಟ ಬರೀ 35 ಡಾಲರ್, ನಿಜ. ಆದರೆ ಅದೇ ಆಟದಲ್ಲಿ ಒಂದು ರಾತ್ರಿಯ ಏರಿಳಿತ ಸುಮಾರು 480 ಡಾಲರಿನಷ್ಟು ಆ ಕಡೆಗೋ ಈ ಕಡೆಗೋ ತೂಗುತ್ತದೆ. ಆರು ರಾತ್ರಿಗಳಲ್ಲಿ ಒಂದು ರಾತ್ರಿಯಾದರೂ 500 ಡಾಲರಿಗೂ ಹೆಚ್ಚು ಕೈಬಿಡುವುದು ಸಹಜ. ಆ ಒಂದು ರಾತ್ರಿ, ಕಳೆದದ್ದನ್ನು ಮರಳಿ ಪಡೆದೇ ಏಳುತ್ತೇನೆಂದು ಕುರ್ಚಿ ಎಳೆದುಕೊಳ್ಳದೆ, ತಣ್ಣಗೆ ಕೋಣೆಗೆ ಹೋಗಿ ಮಲಗುವವರು ನೂರಕ್ಕೆ ಎಷ್ಟು ಮಂದಿ? ಇದಲ್ಲದೆ ಲಾಸ್ ವೇಗಸ್‌ನ ಎಷ್ಟೋ ಮೇಜುಗಳಲ್ಲಿ ಈಗ ಬ್ಲ್ಯಾಕ್‌ಜ್ಯಾಕ್ ಬಿದ್ದರೆ ಮೊದಲಿನಂತೆ ಎರಡಕ್ಕೆ ಮೂರು ಕೊಡದೆ ಐದಕ್ಕೆ ಆರು ಕೊಡುತ್ತಾರೆ. ಈ ಒಂದೇ ಬದಲಾವಣೆಯಿಂದ ಮನೆಯ ಪಾಲು ಶೇಕಡಾ 1.4ರಷ್ಟು ಏರಿತು. ಬುದ್ಧಿವಂತನ ಪುಸ್ತಕವನ್ನು ಮೇಜಿನ ಯಜಮಾನನೂ ಓದಿರುತ್ತಾನೆ.

ಓದಿರುವುದಷ್ಟೇ ಅಲ್ಲ, ನಿಮ್ಮನ್ನೇ ಓದಿರುತ್ತಾನೆ. ಹ್ಯಾರಾಸ್ ಎಂಬ ಕ್ಯಾಸಿನೊ ಕಂಪೆನಿ 1997ರಲ್ಲಿ ತನ್ನ ಎಲ್ಲ ಕ್ಯಾಸಿನೊಗಳಿಗೂ ಒಂದೇ ಗ್ರಾಹಕ ಕಾರ್ಡು ತಂದಿತು. ಮರುವರ್ಷ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಗ್ಯಾರಿ ಲವ್‌ಮನ್ ಆ ಕಂಪೆನಿ ಸೇರಿದರು. ಕಾರ್ಡನ್ನು ಯಂತ್ರದ ಬಾಯಿಗೆ ತೂರಿಸಿದ ಕ್ಷಣದಿಂದ ನೀವು ಎಷ್ಟು ಹೊತ್ತಿಗೆ ಬಂದಿರಿ, ಎಷ್ಟು ಸಲ ಗುಂಡಿ ಒತ್ತಿದಿರಿ, ಎಲ್ಲವೂ ದಾಖಲು. ಆ ದಾಖಲೆಯಿಂದ ತಿಳಿದದ್ದನ್ನು ಲವ್‌ಮನ್ 2003ರಲ್ಲಿ ತಾವೇ ಬರೆದು ಪ್ರಕಟಿಸಿದರು. ಗ್ರಾಹಕರಲ್ಲಿ ಶೇಕಡಾ 26ರಷ್ಟು ಜನರಿಂದ ಆದಾಯದ ಶೇಕಡಾ 82 ಭಾಗ ಬರುತ್ತಿತ್ತು. ಅವರು ಸಿನಿಮಾದಲ್ಲಿ ಕಾಣುವಂಥ ಕೋಟ್ಯಧೀಶ್ವರರಲ್ಲ. ನಿವೃತ್ತ ಶಿಕ್ಷಕರು, ವೈದ್ಯರು, ಬ್ಯಾಂಕಿನವರು, ಯಂತ್ರದ ಕೆಲಸಗಾರರು, ನಡುವಯಸ್ಸು ದಾಟಿ ಕೈಯಲ್ಲಿ ಒಂದಿಷ್ಟು ಕಾಸು ಮತ್ತು ಬೇಕಾದಷ್ಟು ಹೊತ್ತು ಇದ್ದವರು. ಬಿಟ್ಟಿ ಕೋಣೆಯ ಪತ್ರ ಅಂಥವರ ಮನೆಗೇ ಹೋಗುತ್ತದೆ. ಗಾಳಕ್ಕೆ ಹುಳು ಸಿಕ್ಕಿಸುವವನಿಗೆ ಯಾವ ಮೀನು ಯಾವ ಮಡುವಿನಲ್ಲಿದೆ ಎಂಬುದು ಗೊತ್ತು.

ಸಣ್ಣ ಮೀನಿಗೆ ಸಣ್ಣ ಹುಳು, ದೊಡ್ಡ ಮೀನಿಗೆ ದೊಡ್ಡದು. 2007ರಲ್ಲಿ ಅಮೆರಿಕದ ಒಮಾಹಾ ನಗರದ ವ್ಯಾಪಾರಿಯೊಬ್ಬರು ಲಾಸ್ ವೇಗಸ್‌ನಲ್ಲಿ ಒಂದೇ ವರ್ಷದಲ್ಲಿ ಕಳೆದದ್ದು ಸುಮಾರು 12 ಕೋಟಿ 70 ಲಕ್ಷ ಡಾಲರ್ ಎಂದು ಪತ್ರಿಕೆಗಳು ವರದಿ ಮಾಡಿದವು. ಅವರಿಗೆ ಅರಮನೆಯಂಥ ಕೋಣೆ, ವಿಮಾನದ ಖರ್ಚು, ಉಡುಗೊರೆ ಎಲ್ಲವೂ ಫ್ರೀ. ತಂದೆಯಿಂದ ಬಂದ ಕಸುಬನ್ನು ಬೆಳೆಸಿ ಗಳಿಸಿದ ಸಂಪತ್ತಿನ ಬಹುಪಾಲು ಹೀಗೆ ಹೋಯಿತು. ಇಲ್ಲಿ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಜಾಣನೊಬ್ಬ ನಿಜವಾಗಿಯೂ ನಷ್ಟವಿಲ್ಲದೆ ಕೋಣೆ ಪಡೆದ ಎಂದೇ ಇಟ್ಟುಕೊಳ್ಳೋಣ. ಆ ಕೋಣೆಯ ಬಾಡಿಗೆ ಕೊಟ್ಟವರು ಯಾರು? ಕ್ಯಾಸಿನೊ ತನ್ನ ಗಂಟಿನಿಂದ ಕೊಟ್ಟಿಲ್ಲ. ಏಳಲಾರದೆ ಬೆಳಗಿನ ಜಾವದವರೆಗೂ ಕುಳಿತವನು ಕೊಟ್ಟ, ಮಗಳ ಮದುವೆಯ ಹಣ ತಂದವನು ಕೊಟ್ಟ, ಹೆಂಡತಿಯ ಬಳೆ ಅಡವಿಟ್ಟವನು ಕೊಟ್ಟ. ಜಾಣನ ಬಿಳಿ ಹಾಸಿಗೆಯ ಕೆಳಗೆ ಬೇರೆ ಯಾರದೋ ಮನೆ ಹಾಸಿಕೊಂಡಿದೆ.

"ಆದರೂ ಪ್ರಯೋಜನ ಇದೆಯಲ್ಲ" ಎಂಬ ಈ ವಾದ ಹೊಸದೇನೂ ಅಲ್ಲ. ಇಸ್ಲಾಮಿಗಿಂತ ಮುಂಚಿನ ಅರಬರಲ್ಲಿ ಮೈಸಿರ್ ಎಂಬ ಜೂಜಿತ್ತು. ಒಂಟೆಯೊಂದನ್ನು ಕಡಿದು, ಹತ್ತು ಬಾಣಗಳನ್ನು ಚೀಲಕ್ಕೆ ಹಾಕಿ ಎತ್ತುತ್ತಿದ್ದರು. ಏಳು ಬಾಣಗಳಿಗೆ ಪಾಲು, ಮೂರು ಬರಿದು. ಸೋತವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಆ ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚುತ್ತಿದ್ದರೆಂದೂ, ಆಟಕ್ಕೆ ಬಾರದವನನ್ನು ಜಿಪುಣನೆಂದು ಹಳಿಯುತ್ತಿದ್ದರೆಂದೂ ವ್ಯಾಖ್ಯಾನಕಾರರು ಹೇಳುತ್ತಾರೆ. ಚಳಿಗಾಲದ ಬರದಲ್ಲಿ ಹಸಿದವನಿಗೆ ಮಾಂಸ ಸಿಗುತ್ತಿತ್ತು. ಹವಾನಿಯಂತ್ರಿತ ಕೋಣೆಗಿಂತ ಎಷ್ಟೋ ಮೇಲಾದ ಪ್ರಯೋಜನ ಇದು! ಪವಿತ್ರ ಕುರ್‌ಆನ್ ಇದನ್ನು ಅಲ್ಲಗಳೆಯಲಿಲ್ಲ. ಅಲ್‌ಬಕರ ಅಧ್ಯಾಯದ 219ನೇ ಸೂಕ್ತ ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆ ಎಂಬುದನ್ನು ಒಪ್ಪಿಕೊಂಡೇ, ಅವುಗಳ ಕೇಡು ಪ್ರಯೋಜನಕ್ಕಿಂತ ದೊಡ್ಡದು ಎಂದು ತೀರ್ಪು ಕೊಟ್ಟಿತು. ಅಲ್‌ಮಾಇದ ಅಧ್ಯಾಯದಲ್ಲಿ ಪೂರ್ಣ ನಿಷೇಧ ಬಂದಾಗ ಕೊಟ್ಟ ಕಾರಣವೂ ಗಮನಾರ್ಹ: ಅದು ಮನುಷ್ಯರ ನಡುವೆ ವೈರ ಬಿತ್ತುತ್ತದೆ, ದೇವಸ್ಮರಣೆಯಿಂದ ದೂರ ಮಾಡುತ್ತದೆ. ಬಡವನ ಪಾಲಿನ ಮಾಂಸಕ್ಕೇ ಸಿಗದ ರಿಯಾಯಿತಿ ನಮ್ಮ ವಾರಾಂತ್ಯದ ರೂಮಿಗೆ ಸಿಗುತ್ತದೆಂದು ನಂಬುವುದು ಹೇಗೆ?

ಜೂಜಿಗಿಂತಲೂ ನಮ್ಮನ್ನು ಹೆಚ್ಚು ಕಾಡುವುದು ಅದು ಹಾಕಿಕೊಂಡಿರುವ ವೇಷ. ಕ್ಯಾಸಿನೊಗಳಲ್ಲಿ ದೊಡ್ಡ ಜೂಜುಕೋರರನ್ನು ನೋಡಿಕೊಳ್ಳುವ ನೌಕರನಿಗೆ 'ಹೋಸ್ಟ್' ಎಂದೇ ಹೆಸರು, ಅಂದರೆ ಆತಿಥೇಯ. ಮೆಹಮಾನ್‌ನವಾಜಿ ನಮ್ಮಲ್ಲಿ ಆರಾಧನೆಗೆ ಸಮನಾದ ಮಾತು. ಗುರುತಿಲ್ಲದ ಅತಿಥಿಗಳು ಬಾಗಿಲಿಗೆ ಬಂದಾಗ ಪ್ರವಾದಿ ಇಬ್ರಾಹೀಮ್(ಅ) ಅವರ ಹೆಸರು, ಉದ್ದೇಶ ಕೇಳುವ ಮೊದಲೇ ಹುರಿದ ಕರುವನ್ನು ತಂದಿಟ್ಟರು. ಅತಿಥಿ ದೇವರೆಂಬ ಮಾತು ಈ ನೆಲದ ಎಲ್ಲರ ಮನೆಯಲ್ಲೂ ಇದೆ. ನಿಮ್ಮಿಂದ ನನಗೇನು ಬರುತ್ತದೆ ಎಂದು ಅತಿಥಿಯ ಮುಖ ನೋಡಿ ಗುಣಾಕಾರ ಮಾಡುವವನು ಆತಿಥೇಯನಲ್ಲ, ಕುರಿ ಕೊಳ್ಳಲು ಬಂದ ದಲ್ಲಾಳಿ.

ಕನ್ನಡಿಗರಿಗೆ ಈ ವೇಷ ಅಪರಿಚಿತವಾಗಬೇಕಿರಲಿಲ್ಲ. ಮಹಾಭಾರತದ ಸಭಾಪರ್ವದಲ್ಲಿ ಪಾಂಡವರನ್ನು ಜೂಜಿಗೆ ಕರೆದದ್ದು ಹೇಗೆ? ಹಸ್ತಿನಾಪುರದಲ್ಲಿ ಹೊಸ ಸಭಾಭವನ ಕಟ್ಟಿದ್ದೇವೆ, ಬಂದು ನೋಡಿ, ಸೋದರರೆಲ್ಲ ಕೂಡಿ ಸಂತೋಷಪಡಿ ಎಂದು. ಆಹ್ವಾನ ತಂದವನು ಸಜ್ಜನ ವಿದುರ. ಅತಿಥಿಗಳಿಗೆ ಬಿಡಾರವೂ ಸಿಕ್ಕಿತು, ಊಟವೂ ಸಿಕ್ಕಿತು. ಮರುದಿನ ಪಗಡೆ ಹಾಸಿತು. ಆ ಬಿಡಾರದ ಬಾಡಿಗೆಯನ್ನು ಕೊನೆಗೆ ತೆತ್ತವಳು ದ್ರೌಪದಿ. ಜೂಜಿನ ಲೆಕ್ಕವನ್ನು ಆಡದ ಹೆಣ್ಣು ತೀರಿಸುವ ಈ ಪದ್ಧತಿ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ.

ನಮಗೆ ಹತ್ತಿರದ ಹಸ್ತಿನಾಪುರ ಗೋವಾದ ಮಾಂಡೋವಿ ನದಿಯ ಮೇಲೆ ತೇಲುತ್ತಿದೆ. ಗೋವಾ ತನ್ನ 1976ರ ಜೂಜು ಕಾನೂನಿಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ದಾರಿ ಮಾಡಿತು, 1996ರಲ್ಲಿ ಹಡಗಿನ ಜೂಜಿಗೂ. ಒಂದು ಪ್ಯಾಕೇಜಿನ ಹಣ ಕೊಟ್ಟರೆ ಪ್ರವೇಶ, ಬಫೆ ಊಟ, ಕುಡಿತ, ಆಡಲು ಒಂದಿಷ್ಟು ಚಿಪ್ಪು, ಎಲ್ಲವೂ ಸೇರಿರುತ್ತದೆ. ಹೆಚ್ಚು ಆಡುವವರಿಗೆ ಕೋಣೆಯೂ ದಕ್ಕುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, 2020ರ ಫೆಬ್ರುವರಿಯಿಂದ ಗೋವಾ ಸರ್ಕಾರ ತನ್ನ ಜನ ಜೂಜಾಡಲು ಕ್ಯಾಸಿನೊ ಪ್ರವೇಶಿಸುವುದನ್ನು ನಿಷೇಧಿಸಿದೆ. ತಮ್ಮ ಮಕ್ಕಳಿಗೆ ಕೊಡಲು ಒಲ್ಲದ ತಿಂಡಿಯನ್ನು ಅವರು ನೆರೆಯವರ ಮಕ್ಕಳಿಗೆ ಬಡಿಸುತ್ತಿದ್ದಾರೆ. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿದಾಗ ಎಷ್ಟೋ ಮನೆಗಳು ಉಸಿರಾಡಿದವು. ಕೇಂದ್ರ ಸರ್ಕಾರ 2025ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಆದರೆ ಗಡಿಯಾಚೆ ತೇಲುವ ಹಡಗಿಗೆ ನಮ್ಮ ವಿಧಾನಸೌಧದ ಕಾನೂನು ಮುಟ್ಟುವುದಿಲ್ಲ. ಅಲ್ಲಿಗೆ ಹೋಗದಿರುವ ಕಾನೂನನ್ನು ನಮ್ಮ ಮನೆಗಳಲ್ಲೇ ಮಾಡಿಕೊಳ್ಳಬೇಕಷ್ಟೆ.

ಇದನ್ನು ಬರೆಯುವಾಗ ನಮ್ಮ ಸಮುದಾಯದ ಬೆನ್ನು ತಟ್ಟಿಕೊಳ್ಳುವ ಉದ್ದೇಶ ನಮಗಿಲ್ಲ. ಮನೆಯಲ್ಲಿ ಜೂಜು ನಡೆಸಿದ್ದಕ್ಕೆ 1847ರಲ್ಲಿ ಜೈಲು ಕಂಡವರು ಉರ್ದುವಿನ ಮಹಾಕವಿ ಮಿರ್ಜಾ ಗಾಲಿಬ್. ಇಸ್ಪೀಟು ಕ್ಲಬ್ಬುಗಳಲ್ಲಿ, ಕುದುರೆ ಜೂಜಿನ ಕಿಟಕಿಗಳ ಮುಂದೆ, ಮಟಕಾ ಚೀಟಿಗಳಲ್ಲಿ ನಮ್ಮ ಹೆಸರುಗಳಿಗೇನೂ ಬರವಿಲ್ಲ. ಕ್ಯಾಸಿನೊದ ಬಫೆಯಲ್ಲಿ ತಟ್ಟೆ ಹಿಡಿದು, ಕೋಳಿ ಹಲಾಲೇ ಎಂದು ವಿಚಾರಿಸುವ ಮಹನೀಯರೂ ನಮ್ಮಲ್ಲಿದ್ದಾರೆ. ಕೋಳಿಯ ಕೊರಳಿನ ಬಗ್ಗೆ ಇಷ್ಟು ಎಚ್ಚರ ವಹಿಸುವವರು, ಆ ತಟ್ಟೆಗೆ ಹಣ ಬಂದ ದಾರಿಯಲ್ಲಿ ಯಾರ ಕೊರಳು ಕೊಯ್ದಿದೆ ಎಂದು ಮಾತ್ರ ಕೇಳುವುದಿಲ್ಲ. ಹಲಾಲ್ ಎಂಬುದು ಮಾಂಸದ ಅಂಗಡಿಯ ಬೋರ್ಡಿಗೆ ಮುಗಿಯುವ ಮಾತಲ್ಲ. ಅದು ಗಳಿಕೆಯ ಮಾತು, ಖರ್ಚಿನ ಮಾತು, ತಲೆಯಿಟ್ಟು ಮಲಗುವ ದಿಂಬಿನ ಮಾತು ಕೂಡ.

ಊರು ನೋಡುವುದು ತಪ್ಪಲ್ಲ. ಮಾಂಡೋವಿಯ ದಂಡೆಯಲ್ಲಿ ಸಂಜೆ ಕೂರುವುದಕ್ಕೆ ಯಾರ ಟಿಕೆಟ್ಟೂ ಬೇಡ. ಲಾಸ್ ವೇಗಸ್‌ಗೆ ಹೋದವರು ಅಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಯನ್ನು ನೋಡಿ ಬರಲಿ, ದೇವರ ಸೃಷ್ಟಿ ಕಣ್ಣು ತುಂಬುತ್ತದೆ. ಆದರೆ ಮಲಗುವ ಕೋಣೆಗೆ ನಮ್ಮ ದುಡಿಮೆಯ ಹಣ ಕೊಟ್ಟು ರಸೀದಿ ಪಡೆಯೋಣ. ದುಬಾರಿ ಎನಿಸಿದರೆ ಚಿಕ್ಕ ಕೋಣೆ ಹಿಡಿಯೋಣ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ಹಿರಿಯರು. ಒಂದು ರಾತ್ರಿಯ ಹಾಸಿಗೆ ಅಡಿಕೆಗಿಂತ ದೊಡ್ಡದೇನಲ್ಲ.