ಸಿಟಿ ನಾರ್ಮಲ್ ಬಂತು, ಚಿಂತಿ ಹೋತೇನ್ರಿ?

ನಮ್ಮ ಕಡೆ ಯಾರಿಗರ ಕಾಮಣಿ ಆತಂದ್ರ ಒಬ್ಬರು ಎಲಿ ಔಷಧ ಕುಡಸ್ರಿ ಅಂತಾರ, ಇನ್ನೊಬ್ಬರು ಸೀದಾ ಸಿಟಿ ಸ್ಕ್ಯಾನ್ ಮಾಡಸ್ರಿ, ಎಲ್ಲಾ ಗೊತ್ತಾಗತದ ಅಂತಾರ. ಎರಡೂ ಪೂರ್ತಿ ಖರೆ ಅಲ್ಲ ಅಂತೀನಿ ನಾ.

ಲಿವರಿನಿಂದ ಪಿತ್ತ ಸಣ್ಣ ನಳಿಗಿ ಹಿಡದು ಕರುಳಿಗೆ ಇಳೀತದ. ನಡುವ ಹರಳೋ ಗಂಟೋ ಅಡ್ಡ ಕೂತ್ರ ಕಣ್ಣು ಹಳದಿ ಆಗತಾವ, ಮೂತ್ರ ಕಪ್ಪಗ, ಮಲ ಬೆಳ್ಳಗ, ಮೈಯೆಲ್ಲಾ ತುರಿಕಿ. ಬಚ್ಚಲ ಮೋರಿ ಕಟ್ಟಿದ್ರ ಅಡ್ಡ ಆದದ್ದು ತಗೀಬೇಕಲ್ರಿ? ಇದೂ ಹಂಗ. ಎಲಿ ಅರದು ಕುಡದ್ರ ಅದು ಸರಿಯಂಗಿಲ್ಲ.

ಸಾಧಾರಣ ಮೊದಲ ಸೋನೋಗ್ರಫಿ ಮಾಡತಾರ. ನಳಿಗಿ ಎಲ್ಲಿ ತನಕ ಉಬ್ಬೇದ, ಗಂಟು ಇದ್ರ ಎಲ್ಲೆಲ್ಲಿ ಹಬ್ಬೇದ, ಇದು ಸಿಟಿಯೊಳಗ ಛಲೋ ತಿಳೀತದ. ಆದ್ರ ಕೆಲವು ಹರಳು ಪಿತ್ತದಂಗ ಕಂಡು ಅದರಾಗ ತಪ್ಪಿಸಿಕೋತಾವ. ನಮ್ಮ ವೈನಿಗೆ ಹಂಗ ಆತು. ಸಿಟಿ ನಾರ್ಮಲ್, ಹರಳು ಸಿಕ್ಕಿದ್ದು ಆಮ್ಯಾಲೆ ಎಂ.ಆರ್.ಸಿ.ಪಿ. ಮಾಡಿದಾಗ.

ಅದಕ್ಕ ರಿಪೋರ್ಟ್ ನೋಡಿ ಸುಮ್ಮನ ಕೂಡಬ್ಯಾಡ್ರಿ. ಹಳದಿ, ತುರಿಕಿ ಇಳೀದಿದ್ರ "ನಳಿಗಿ ಖುಲ್ಲಾ ಅದ ಅಂತ ಖಾತ್ರಿ ಏನ್ರಿ?" ಅಂತ ಡಾಕ್ಟರಿಗೆ ಕೇಳ್ರಿ. ಚಳಿಜ್ವರ, ಹೊಟ್ಟಿನೋವು ಕೂಡಿದ್ರಂತೂ ಆವತ್ತ ದವಾಖಾನಿಗೆ ಹೋಗ್ರಿ. ಮನಿಕೆಲಸ ಮುಗಸಿ ಹೋದ್ರಾತು ಅನ್ನಬ್ಯಾಡ್ರಿ. ಅದೇನು ಮುಗಿಯೂ ಕೆಲಸ ಅಲ್ಲ.